ಸರಪಳಿ ನಿಂತ ಜಾಗ

ನಮ್ಮ ತವರುಮನೆಯ ಸುತ್ತ ಸುಣ್ಣದ ಗೆರೆ ಎಳೆದಿದ್ದಾರೆ ಎಂದು ಸೋದರತ್ತೆ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನಗು ಬಂತು. ‘ಯಾವ ಹಬ್ಬ ಅತ್ತೆ, ಯಾರು ರಂಗೋಲಿ ಹಾಕಿದ್ದು?’ ಎಂದೆ. ‘ರಂಗೋಲಿ ಅಲ್ಲ ಮಗಾ, ಸರ್ಕಾರದೋರು. ಜೇನುಹುಳದ ಹಂಗೆ ಗುಂಯ್ ಅನ್ನೋದು ಒಂದು ಮೇಲೆ ಹಾರಿಸ್ತಾರಂತೆ. ಅದು ಅಲ್ಲಿಂದಲೇ ಮನೆ ಅಳೀತದಂತೆ. ಹಿತ್ತಲಿಗೂ ಗೆರೆ ಎಳೆದವ್ರೆ. ನುಗ್ಗೆ ಮರ ಆಚೆಗೆ ಬಿಟ್ಟವ್ರೆ’ ಎಂದಳು. ಅವಳಿಗೆ ಎಂಬತ್ತೇಳು ವರ್ಷ. ಡ್ರೋನು ಹಾರುವುದು ಅವಳಿಗೆ ಅಂಥ ಅಚ್ಚರಿಯೇನಲ್ಲ. ನುಗ್ಗೆ ಮರ ಗೆರೆಯ ಆಚೆಗೆ ಹೋದದ್ದೇ ಚಿಂತೆ. ಫೋನು ಇಡುವ ಮೊದಲು ಇನ್ನೊಂದು ಮಾತು ಕೇಳಿದಳು: ‘ಅಳೆದ ಮೇಲೆ ಯಾರ ಹೆಸರು ಬರೀತಾರೆ?’

ನನಗೆ ಉತ್ತರ ಹೊಳೆಯಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ತಮ್ಮನ ಫೋನು ಬಂತು. ‘ಅಕ್ಕಾ, ನಿಂದೊಂದು ರುಜು ಬೇಕಿತ್ತು. ಹಕ್ಕು ಬಿಡುಗಡೆ ಪತ್ರ. ಹೊಲ, ಮನೆ, ಹಿತ್ತಲು ಎಲ್ಲಾ ಸೇರಿಸಿ ಬರೆಸಿದೀನಿ. ಮನೆ ಹಳೇದಾಯ್ತು, ಕೇಳೋರು ಬಂದಿದಾರೆ. ಒಂದು ದಿನ ಬಂದು ಹೋಗು, ಕಾರು ಕಳಿಸ್ತೀನಿ’ ಎಂದ.

ಇಂಥ ಫೋನು ನಿಮ್ಮಲ್ಲಿ ಎಷ್ಟೋ ಮಂದಿಗೆ ಬಂದಿರುತ್ತದೆ. ನಾವು ಹೋಗುತ್ತೇವೆ, ತೋರಿಸಿದ ಕಡೆಯೆಲ್ಲ ರುಜು ಹಾಕುತ್ತೇವೆ, ತಮ್ಮನ ಹೆಂಡತಿ ಕೊಟ್ಟ ಕುಂಕುಮ, ರವಿಕೆ ಕಣ ತೆಗೆದುಕೊಂಡು ಬಸ್ಸು ಹತ್ತುತ್ತೇವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಆಸ್ತಿ ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ ಬೇರೆ. ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಅತ್ತೆಯ ಪ್ರಶ್ನೆ ಕಿವಿಯಲ್ಲೇ ಕುಳಿತುಬಿಟ್ಟಿತ್ತು. ಆಕೆ ಆ ಮನೆಯಲ್ಲಿ ಹುಟ್ಟಿದವಳು. ಹದಿನೈದಕ್ಕೆ ಮದುವೆಯಾಗಿ, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಒಂದು ಕಬ್ಬಿಣದ ಟ್ರಂಕಿನೊಂದಿಗೆ ಅಲ್ಲಿಗೇ ಮರಳಿದವಳು. ಅಲ್ಲಿಂದ ಇಲ್ಲಿಯವರೆಗೆ ಆ ಮನೆಯ ಹೊಸ್ತಿಲು ಸಾರಿಸಿ ದೀಪ ಹಚ್ಚಿದ್ದು ಅವಳೇ. ಆ ಮನೆಯ ಮೇಲೆ ಅವಳಿಗೆ ಏನು ಹಕ್ಕಿದೆ? ರುಜು ಹಾಕುವ ಮುಂಚೆ ಮನೆಯ ಕಾಗದಗಳನ್ನೊಮ್ಮೆ ನೋಡುತ್ತೇನೆ ಎಂದು ತಮ್ಮನಿಗೆ ಹೇಳಿದೆ. ‘ನೋಡು, ಅಪ್ಪನ ಟ್ರಂಕಲ್ಲಿ ಎಲ್ಲಾ ಇದೆ’ ಎಂದ. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪನ ಟ್ರಂಕಿನಲ್ಲಿ ಕಂದಾಯದ ರಸೀತಿಗಳು, ಕೈಬರಹದ ಪಹಣಿಗಳು, ಇಲಿ ಕಡಿದ ಒಂದು ನಕ್ಷೆ ಸಿಕ್ಕವು. ಎಲ್ಲಕ್ಕಿಂತ ಹಳೆಯ ಕಾಗದದ ತಲೆಯ ಮೇಲೆ ಹೀಗಿತ್ತು: ಕಡೂರು ಡಿಸ್ಟ್ರಿಕ್ಟು, ತರೀಕೆರೆ ತಾಲ್ಲೂಕು, ಅಜ್ಜಂಪುರ ಹೋಬಳಿ. ಒಂದು ನಿಮಿಷ ಅದನ್ನೇ ನೋಡುತ್ತ ಕುಳಿತೆ. ನಾನು ಹುಟ್ಟಿದ್ದು ಅಜ್ಜಂಪುರದ ಸೀಮೆಯಲ್ಲಿ, ಹತ್ತಿ, ಈರುಳ್ಳಿ ಬೆಳೆಯುವ ಎರೆಮಣ್ಣಿನ ಹಳ್ಳಿಯಲ್ಲಿ. ಅಪ್ಪನ ತಾಯಿ, ನಮ್ಮಜ್ಜಿ, ಬಂದದ್ದು ತರೀಕೆರೆ ಕಡೆಯಿಂದ, ಅಡಿಕೆ ತೋಟದ ನೆರಳಿನಿಂದ. ಆ ಊರಿನ ಏರಿ, ಕರಿ ಕುರಿಮರಿಗಳ ನಾಲಿಗೆ ತೊಡರುವ ಮಾತನ್ನು ನಮಗೆಲ್ಲ ಕಲಿಸಿ, ನಾವು ತಪ್ಪಿದಾಗಲೆಲ್ಲ ನಗುತ್ತಿದ್ದವಳು ಅವಳೇ. ನಾನು ಮದುವೆಯಾಗಿ ಸೇರಿದ್ದು ಕಡೂರು, ರಾಗಿ ಮತ್ತು ತೆಂಗಿನ ಬಯಲು. ನನ್ನ ಬಾಳಿನ ಮೂರು ಊರುಗಳನ್ನು ಯಾರೋ ಗುಮಾಸ್ತ ನಾನು ಹುಟ್ಟುವ ಮೊದಲೇ ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದ!

ಈಗಿನ ಮಕ್ಕಳಿಗೆ ಕಡೂರು ಜಿಲ್ಲೆ ಎಂದರೆ ಗೊತ್ತಾಗುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ನಗರದ ದಂಗೆಯಾದ ಮೇಲೆ, 1831ರಲ್ಲಿ, ಇಂಗ್ಲಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. ಆ ದಂಗೆಯಲ್ಲಿ ನಮ್ಮ ತರೀಕೆರೆಯ ಪಾಳೆಯಗಾರರ ಮನೆತನವೂ ಇತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬರುವವರೆಗೆ ಐವತ್ತು ವರ್ಷ ಕಮಿಷನರುಗಳ ಕಾಲ. ಅವರಲ್ಲಿ ಬೌರಿಂಗ್ ಎಂಬಾತ 1863ರ ಸುಮಾರಿಗೆ ರಾಜ್ಯವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗ ಮಾಡಿ, ಅವುಗಳ ಕೆಳಗೆ ಜಿಲ್ಲೆಗಳನ್ನು ಏರ್ಪಡಿಸಿದ. ಆಗ ಹುಟ್ಟಿದ್ದು ಕಡೂರು ಜಿಲ್ಲೆ. ಹೆಸರು ಕಡೂರಿನದಾದರೂ ಕಚೇರಿ ಚಿಕ್ಕಮಗಳೂರಿನಲ್ಲಿ. 1947ರಲ್ಲಿ ಜಿಲ್ಲೆಯ ಹೆಸರೂ ಚಿಕ್ಕಮಗಳೂರೇ ಆಯಿತು. ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕಾಗಿದೆ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳು. ಕಬ್ಬನ್, ಬೌರಿಂಗ್, ಮರುಅಧಿಕಾರ ಎಂದೆಲ್ಲ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆ ಬೌರಿಂಗ್ ನಮ್ಮ ಮನೆಯ ಟ್ರಂಕಿನೊಳಗೂ ಇದ್ದಾನೆ ಎಂದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ.

ಅದಕ್ಕೂ ಹಿಂದೆ ನೆಲದ ಲೆಕ್ಕವಿರಲಿಲ್ಲವೇ? ಇತ್ತು. ಶಾನುಭೋಗರ ಬಗಲಲ್ಲಿ ಕಡತವಿರುತ್ತಿತ್ತು. ಕಡತವೆಂದರೆ ಹತ್ತಿಯ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಬಟ್ಟೆ, ಹುಣಸೆ ಬೀಜ, ಇದ್ದಿಲು – ಮೂರೂ ಅಡುಗೆಮನೆಯ ಬಾಗಿಲಿಂದ ಹೋದ ಸರಕೇ ಅಲ್ಲವೇ ಎಂದು ನನಗೆ ಅನ್ನಿಸುತ್ತದೆ. ಹೊಲದ ಅಳತೆಯೂ ಹಾಗೆಯೇ, ನಮಗೆ ತಿಳಿಯುವ ಭಾಷೆಯಲ್ಲಿತ್ತು. ಇಷ್ಟು ಕೊಳಗ ಬೀಜ ಹಿಡಿಯುವ ಹೊಲ, ಇಷ್ಟು ಖಂಡುಗದ ಗದ್ದೆ ಎನ್ನುತ್ತಿದ್ದರು. ಬಿತ್ತನೆಯ ಬೀಜ ತೆಗೆದಿಡುತ್ತಿದ್ದ ಹೆಂಗಸಿಗೆ ತನ್ನ ಹೊಲ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1863ರಿಂದ ಮೈಸೂರಿನಲ್ಲಿ ಹೊಸ ಸರ್ವೆ ಶುರುವಾಯಿತು. ಮುಂಬಯಿ ಪ್ರಾಂತದ ಪದ್ಧತಿ; ಚಿತ್ರದುರ್ಗದ ಕಡೆಯಿಂದ ಆರಂಭವಾಗಿ ಮುಂದಿನ ದಶಕಗಳಲ್ಲಿ ಒಂದೊಂದೇ ತಾಲ್ಲೂಕಿಗೆ ಹಬ್ಬಿತು. ಮೂವತ್ತಮೂರು ಅಡಿ ಉದ್ದದ ಕಬ್ಬಿಣದ ಸರಪಳಿ ಹಿಡಿದವರು ಹೊಲಹೊಲಕ್ಕೂ ಬಂದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಮೂಲೆಗಳಲ್ಲಿ ಬಾಂದುಕಲ್ಲು ನೆಟ್ಟರು. ಹೊಲದ ಆಕಾರವನ್ನು ಟಿಪ್ಪಣಿಯಲ್ಲಿ ಬರೆದುಕೊಂಡರು. ಮಣ್ಣು ತೋಡಿ, ಅದರ ಬಣ್ಣ, ಆಳ ನೋಡಿ, ಇಷ್ಟಾಣೆಯ ನೆಲ ಎಂದು ತರಗತಿ ಕಟ್ಟಿದರು. ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಪಾಲು ಮಾಡಿದರು. ಅಜ್ಜಂಪುರದ ಎರೆ ಹೊಲ ಖುಷ್ಕಿ, ಕೆರೆಯ ಕೆಳಗಿನ ಗದ್ದೆ ತರಿ, ಅಜ್ಜಿಯ ತವರಿನ ಅಡಿಕೆ ತೋಟ ಬಾಗಾಯ್ತು. ಇಷ್ಟೆಲ್ಲ ಆದಮೇಲೆ ಒಂದೊಂದು ಸರ್ವೆ ನಂಬರಿಗೂ ಇಷ್ಟು ಕಂದಾಯ ಎಂದು ಆಕಾರ್‌ಬಂದಿನಲ್ಲಿ ಬರೆದರು. ಕಂದಾಯ ಕಟ್ಟುವವರೆಗೆ ನೆಲ ನಿನ್ನದು, ಆಗದಿದ್ದರೆ ರಾಜೀನಾಮೆ ಕೊಡು – ಇದೇ ಅದರ ಒಟ್ಟು ತಾತ್ಪರ್ಯ. ಈ ನಿಯಮಗಳೆಲ್ಲ 1888ರ ಮೈಸೂರು ಲ್ಯಾಂಡ್ ರೆವಿನ್ಯೂ ಕೋಡಿನಲ್ಲಿ ಒಂದೆಡೆ ಸೇರಿದವು.

ಅದೇ ಕಾಲದಲ್ಲಿ ದೊಡ್ಡ ಬರ ಬಿತ್ತು. ಧಾತು ಸಂವತ್ಸರ ಮತ್ತು ಈಶ್ವರ ಸಂವತ್ಸರ, ಅಂದರೆ 1876ರಿಂದ 78. ನಮ್ಮಜ್ಜಿಯ ಅಜ್ಜಿ ಅದನ್ನು ಕಂಡವಳಂತೆ. ‘ಧಾತು ಈಶ್ವರ’ ಎಂದರೆ ಸಾಕು, ನಮ್ಮಜ್ಜಿ ತಟ್ಟೆಯಲ್ಲಿ ಒಂದು ಅಗುಳು ಬಿಡಲು ಕೊಡುತ್ತಿರಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಐವತ್ತು ಲಕ್ಷಕ್ಕೂ ಮಿಕ್ಕಿ ಇದ್ದರು. 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಿಮೆ. ಹುಟ್ಟಬೇಕಾಗಿದ್ದ ಮಕ್ಕಳನ್ನು ಬಿಟ್ಟೇ ಈ ಲೆಕ್ಕ. ಊರಿಗೆ ಊರೇ ಬಿಟ್ಟುಹೋದ ಜಾಗಗಳಿಗೆ ಕಂದಾಯದ ಕಾಗದದಲ್ಲಿ ಒಂದು ಮಾತಿದೆ: ಬೇಚಿರಾಕ್ ಗ್ರಾಮ. ಪಾರ್ಸಿ ಭಾಷೆಯ ಮಾತು. ಚಿರಾಗ್ ಎಂದರೆ ದೀಪ. ಬೇಚಿರಾಕ್ ಎಂದರೆ ದೀಪವಿಲ್ಲದ್ದು. ಬರಕ್ಕೋ ಪ್ಲೇಗಿಗೋ ಯಾವುದಕ್ಕೆ ಬರಿದಾದರೂ ಅದಕ್ಕೆ ಇದೇ ಹೆಸರು. ಕಂದಾಯದ ದಫ್ತರಿನಲ್ಲಿ ನಾನು ಕಂಡ ಮಾತುಗಳಲ್ಲಿ ಮನೆಯ ಒಳಗನ್ನು ನೆನೆಸುವಂಥದ್ದು ಇದೊಂದೇ. ದೀಪ ಹಚ್ಚುವವಳು ಇದ್ದಾಗ ಆಕೆಯನ್ನು ಬರೆಯಲಿಲ್ಲ. ದೀಪ ಆರಿದ ಮೇಲೆ ಆರಿತು ಎಂದು ಬರೆದರು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಕಾದು, ನಮ್ಮೂರಿನ ಹಳೆಯ ಗ್ರಾಮ ನಕ್ಷೆಯ ನಕಲು ಪಡೆದೆ. ಮನೆಗೆ ತಂದು ಊಟದ ಮೇಜಿನ ಮೇಲೆ ಹರವಿ, ನಾಲ್ಕು ಮೂಲೆಗೂ ಲೋಟ ಇಟ್ಟು ನೋಡಿದೆ. ಏನು ಅಚ್ಚುಕಟ್ಟು! ಪ್ರತಿ ಹೊಲಕ್ಕೂ ನಂಬರು. ಹಳ್ಳ, ಕೆರೆ, ಗಾಡಿ ದಾರಿ, ಗೋಮಾಳ, ಖರಾಬು ಎಲ್ಲ ಉಂಟು. ನಮ್ಮ ಹೊಲದ ಬಡಗಲ ಗಡಿಗೆ ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಸರ್ಕಾರಿ ದನಗಳು ಮೇಯುವ ನೆಲ. ದನಗಳಿಗೂ ಗಡಿ ಗುರುತಿಸಿ ಬರೆದಿದ್ದಾರೆ. ಆದರೆ ನಮ್ಮ ಮನೆ? ಬೆರಳಿಟ್ಟು ಹುಡುಕಿದೆ. ಹೊಲಗಳ ಗೆರೆಗಳೆಲ್ಲ ಒಂದು ಕಡೆ ಬಂದು ನಿಂತುಬಿಟ್ಟಿದ್ದವು. ನಡುವೆ ಒಂದು ಖಾಲಿ ತುಂಡು. ಅದರ ಮೇಲೆ ಗ್ರಾಮಠಾಣ ಎಂದು ಒಂದೇ ಮಾತು. ಅದರೊಳಗೆ ಒಂದೂ ನಂಬರಿಲ್ಲ.

ಪರಿಚಯದ ನಿವೃತ್ತ ಸರ್ವೆಯರೊಬ್ಬರನ್ನು ಕೇಳಿದೆ. ಅವರು ನಕ್ಕರು. ‘ಅದು ಊರು ಮೇಡಂ, ಜನ ಇರೋ ಜಾಗ. ಅದಕ್ಕೆ ಕಂದಾಯ ಇಲ್ಲ, ಅದಕ್ಕೇ ಮನೆಮನೆ ಅಳೀಲಿಲ್ಲ. ಸರಪಳಿ ಊರ ಅಂಚಿಗೆ ಬಂದು ನಿಲ್ತಿತ್ತು’ ಎಂದರು.

ಅವರ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ಸರಪಳಿ ನಿಂತ ಜಾಗದಿಂದಲೇ ನಮ್ಮ ಹೆಂಗಸರ ಸೀಮೆ ಶುರುವಾಗುತ್ತಿತ್ತಲ್ಲವೇ? ಕಣ, ಬಣವೆ, ಹಗೇವು, ಕೊಟ್ಟಿಗೆ, ಬಚ್ಚಲು, ಹಿತ್ತಲ ಬಾವಿ, ಕರಿಬೇವಿನ ಗಿಡ. ಹೊಲದಲ್ಲಿ ಬೆಳೆದದ್ದು ಅನ್ನವಾಗುವುದು ಅಲ್ಲೇ. ಆದರೆ ಅದರಿಂದ ಸರ್ಕಾರಕ್ಕೆ ಕಾಸು ಹುಟ್ಟುತ್ತಿರಲಿಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಸಿಗಲಿಲ್ಲ. ಇದರಲ್ಲಿ ಯಾರದೂ ದುಷ್ಟತನವಿತ್ತು ಎಂದು ನಾನು ಹೇಳುವುದಿಲ್ಲ. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದದ್ದು ಮುಖ್ಯವಾಗಿ ನೆಲದ ಕಂದಾಯದಿಂದ. ತೆರಿಗೆಯವನ ಕಣ್ಣು ತೆರಿಗೆ ಹುಟ್ಟುವ ಕಡೆಗೇ ಹೋಗುತ್ತದೆ. ತಪ್ಪು ಆಮೇಲಿನವರಾದ ನಮ್ಮದು: ಅಲ್ಲಿ ಬರೆದಿಲ್ಲ, ಆದ್ದರಿಂದ ಅಲ್ಲಿ ಏನೂ ಇರಲಿಲ್ಲ ಎಂದುಕೊಂಡೆವು. ಹಳ್ಳಿಯ ಮನೆಗಳನ್ನು ಒಂದೊಂದಾಗಿ ಅಳೆದು ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆ ದೇಶದಲ್ಲಿ ಆರಂಭವಾದದ್ದು 2020ರ ಏಪ್ರಿಲ್‌ನಲ್ಲಿ. ಅತ್ತೆ ಕಂಡ ಸುಣ್ಣದ ಗೆರೆ ಅದರದೇ. ಹೊಲದ ಅಂಚಿನಿಂದ ನಮ್ಮ ಹೊಸ್ತಿಲಿಗೆ ಬರಲು ಅಳತೆಗೆ ನೂರು ವರ್ಷಕ್ಕೂ ಮೇಲೆ ಬೇಕಾಯಿತು.

ಹೊಲದ ಕಾಗದದಲ್ಲಾದರೂ ಹೆಂಗಸರಿದ್ದಾರೆಯೇ ಎಂದು ಹುಡುಕಿದೆ. ನೀವೂ ಪಹಣಿ ನೋಡಿದ್ದರೆ ಗಮನಿಸಿರುತ್ತೀರಿ. ಗಂಡಸಿನ ಹೆಸರಿನ ಮುಂದೆ ‘ಬಿನ್’ ಇರುತ್ತದೆ. ಅರಬ್ಬಿಯಲ್ಲಿ ಮಗ ಎಂದರ್ಥ. ಹೆಂಗಸಿನ ಹೆಸರಿನ ಮುಂದೆ ‘ಕೋಂ’, ಅಂದರೆ ಇಂಥವರ ಹೆಂಡತಿ. ನಮ್ಮ ಕಾಗದಗಳಲ್ಲಿ ಬಿನ್ ಆದ ಮೇಲೆ ಬಿನ್, ಅದರ ಮೇಲೆ ಬಿನ್. ಕೋಂ ಎಂಬುದು ಬಂದ ಕಡೆಯಲ್ಲೆಲ್ಲ ಒಂದೇ ಕಥೆ: ಗಂಡ ತೀರಿದ್ದಾನೆ, ಗಂಡುಮಕ್ಕಳಿಲ್ಲ. ಹೆಂಗಸಿನ ಹೆಸರು ಕಾಗದಕ್ಕೆ ಬರಬೇಕಾದರೆ ಮನೆಯಲ್ಲಿ ಒಂದು ಸಾವಾಗಬೇಕಿತ್ತು. ಬಂದರೂ ಅದು ಬದುಕಿರುವವರೆಗಿನ ಹಕ್ಕು. ತಕ್ಕ ಕಾರಣವಿಲ್ಲದೆ ಮಾರುವಂತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆಯೇ ಅದು ಪೂರ್ಣ ಹಕ್ಕಾದದ್ದು.

ಹಿಂದೆ ಹೀಗಿರಲಿಲ್ಲ ಎನ್ನಲೂ ನನಗೆ ಧೈರ್ಯವಿಲ್ಲ. ನಮ್ಮ ಕಡೂರಿನಲ್ಲೇ 971ರ ಒಂದು ಕಂಬ ಶಾಸನವಿದೆ. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತುಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟದ್ದನ್ನು ಅದು ಹೇಳುತ್ತದೆ. ರೈಸ್ ಸಾಹೇಬರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಅದು ಮೊದಲಲ್ಲೇ ಬರುತ್ತದೆ. ಜಿಲ್ಲೆಯ ಶಾಸನಗಳನ್ನು ತೆರೆದರೆ ಎದುರಾಗುವವಳು ಒಬ್ಬ ಹೆಂಗಸು! ಆದರೆ ಅವಳು ಅರಮನೆಯವಳು. ಅವಳ ಬಟ್ಟೆ ಒಗೆದವಳ ಹೆಸರು ಯಾವ ಕಂಬದ ಮೇಲೂ ಇಲ್ಲ. ಇಂಥವರ ಹೆಸರು ಉಳಿಯುವುದು ಹಾಡಿನಲ್ಲಿ, ಹರಕೆಯಲ್ಲಿ. ಮದಗದ ಕೆರೆ ಎಂದರೆ ನಮ್ಮ ಕಡೆಯವರಿಗೆ ಕೆಂಚಮ್ಮ. ಕೆರೆ ಕಟ್ಟಿಸಿದ ದೊರೆಯ ಹೆಸರು ಕೇಳಿ, ಯಾರೂ ಹೇಳಲಾರರು.

ಇನ್ನು ಉಳಿದದ್ದು ಒಂದೇ ಕಡೆ: ಸಬ್‌ರಿಜಿಸ್ಟ್ರಾರ್ ಕಚೇರಿ. ನಮ್ಮಜ್ಜ ತೀರಿಕೊಂಡದ್ದು 1938ರಲ್ಲಿ. ಅಪ್ಪನಿಗೆ ಆಗ ಆರು ವರ್ಷ, ಅತ್ತೆ ಕೈಗೂಸು. 1940ರಲ್ಲಿ ಅಜ್ಜನ ಅಣ್ಣ, ನಮ್ಮ ದೊಡ್ಡಜ್ಜ, ಪಾಲು ಮಾಡಿಸಿದರೆಂದು ಕೇಳಿದ್ದೆ. ಆ ಪಾಲುಪಾರೀಕತ್ತಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ಹೇಳಿದ ದಿನಕ್ಕಿಂತ ತಿಂಗಳು ತಡವಾಗಿ, ಎಂಟು ಹಾಳೆಗಳ ನಕಲು ಕೈಗೆ ಬಂತು.

ಅದನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತೇ ಓದಿದೆ. ಪಾಲುದಾರರ ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು. ಅದರ ಕೆಳಗೆ ‘ಮೈನರ್, ಗಾರ್ಡಿಯನ್ ತಾಯಿ’ ಎಂದು ಬರೆದು, ಅದರ ಮುಂದೆ ನಮ್ಮಜ್ಜಿಯ ಹೆಸರು. ಅವಳು ತೀರಿಕೊಂಡು ಐವತ್ತು ವರ್ಷವಾಯಿತು. ಅವಳ ಹೆಸರನ್ನು ಅಕ್ಷರದಲ್ಲಿ ನಾನು ಕಂಡದ್ದು ಅದೇ ಮೊದಲು. ಅಪ್ಪ ಪ್ರಾಯಕ್ಕೆ ಬಂದ ಮೇಲಿನ ಯಾವ ಕಾಗದದಲ್ಲೂ ಆ ಹೆಸರಿಲ್ಲ. ಹತ್ತು ಹನ್ನೆರಡು ವರ್ಷ ಕಾಗದದ ಮೇಲೆ ಇದ್ದು, ಮಗ ದೊಡ್ಡವನಾದ ಕೂಡಲೇ ಎದ್ದುಹೋದಳು.

ಆ ಕಾಲದ ಕಾನೂನು ಏನಿತ್ತೆಂದು ತಿಳಿದವರನ್ನು ಕೇಳಿದೆ. ಮೈಸೂರಿನಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದೊಂದು ಬಂದದ್ದು 1937ರಲ್ಲಿ. ನಮ್ಮ ಸಂಸ್ಥಾನ ನಾಲ್ಕು ವರ್ಷ ಮುಂದಿತ್ತು ಎಂದು ಹೆಮ್ಮೆಪಡಬಹುದು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ, ಮದುವೆಯಾಗದ ಅಕ್ಕತಂಗಿಯರಿಗೆ, ತೀರಿಕೊಂಡ ಸೋದರನ ಹೆಂಡತಿಗೆ ಅದು ಪಾಲು ಕೊಟ್ಟಿತು. ಆದರೆ ತೀರಿಕೊಂಡವನಿಗೆ ಗಂಡುಮಗನಿದ್ದರೆ ಆ ಹೆಂಡತಿಗೆ ಬೇರೆ ಪಾಲಿಲ್ಲ; ಎಲ್ಲ ಮಗನಿಗೇ. ನಮ್ಮಜ್ಜಿಯ ಮಡಿಲಲ್ಲಿ ಅಪ್ಪ ಇದ್ದ. ಮಗನಿದ್ದುದರಿಂದ ಅವಳು ಗಾರ್ಡಿಯನ್ ಮಾತ್ರ ಆದಳು.

ಆರನೆಯ ಹಾಳೆಯಲ್ಲಿ ನಾನು ನಿರೀಕ್ಷಿಸದ ಒಂದು ಕಲಮು ಇತ್ತು. ಮೈನರಿನ ಪಾಲಿಗೆ ಬಂದ ಅರ್ಧ ಮನೆಯಲ್ಲಿ ಮೂಡಲ ಕೋಣೆ ಅವನ ತಾಯಿ ಬದುಕಿರುವವರೆಗೆ ಅವಳ ವಾಸಕ್ಕೆ; ಅದಕ್ಕೆ ಯಾರೂ ಅಡ್ಡಿ ಮಾಡಕೂಡದು; ದೊಡ್ಡಜ್ಜನ ಪಾಲಿಗೆ ಹೋದ ಹಿತ್ತಲಿನ ಬಾವಿಯ ನೀರಿಗೂ, ಬಾವಿಗೆ ಹೋಗುವ ದಾರಿಗೂ ಅವಳಿಗೆ ಹಕ್ಕುಂಟು. ಆಮೇಲೆ ಕೋಣೆಯ ಚೆಕ್ಕುಬಂದಿ. ಕೊನೆಗೆ ಎಡಗೈ ಹೆಬ್ಬೆಟ್ಟಿನ ಗುರುತು ಎಂದು ನಕಲು ಮಾಡಿದವನ ಅಕ್ಷರ. ಗುರುತು ಅಲ್ಲಿರಲಿಲ್ಲ, ಇತ್ತು ಎಂಬ ಮಾತಿತ್ತು.

ಅದನ್ನು ಹಿಡಿದುಕೊಂಡು ಊರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ‘ಅತ್ತೆ, ಅಜ್ಜಿಯ ಕಾಗದ ಸಿಕ್ತು’ ಎಂದೆ. ತಲೆಯೆತ್ತದೆ, ‘ಕೋಣೆದಾ? ಮೂಡಲಿಗೆ ಓಣಿ, ಪಡುವಲಿಗೆ ಪಡಸಾಲೆ ಗೋಡೆ, ತೆಂಕಲಿಗೆ ಬಾವಿ ದಾರಿ, ಬಡಗಲಿಗೆ ದೊಡ್ಡಪ್ಪನ ಕೊಟ್ಟಿಗೆ’ ಎಂದಳು. ನಾನು ಹಾಳೆ ನೋಡಿದೆ. ಒಂದು ದಿಕ್ಕೂ ತಪ್ಪಿರಲಿಲ್ಲ. ಕೊಟ್ಟಿಗೆ ಬಿದ್ದು ನಲವತ್ತು ವರ್ಷವಾಗಿದೆ. ದೊಡ್ಡಜ್ಜನ ಮಕ್ಕಳು ತಮ್ಮ ಪಾಲನ್ನು ಅಪ್ಪನಿಗೇ ಮಾರಿ ಪೇಟೆ ಸೇರಿದರು. ಆದರೂ ಓದುಬರಹವಿಲ್ಲದ ಅವಳ ಬಾಯಲ್ಲಿ ಆ ಕಾಗದ ಹಾಗೇ ಇತ್ತು. ‘ನಿಂಗೆ ಹೇಗೆ ಗೊತ್ತು?’ ಎಂದೆ. ‘ನಮ್ಮವ್ವ ನಂಗೆ ಲಾಲಿ ಹಾಡಿದ್ದಕ್ಕಿಂತ ಇದನ್ನ ಹೇಳಿದ್ದೇ ಜಾಸ್ತಿ. ಕಾಗದ ಇಲಿ ತಿಂತದೆ, ನೀನು ನೆನಪಿಟ್ಕೊ ಅಂತಿದ್ಲು.’

ಆಮೇಲೆ ಅವಳು ಹೇಳಿದ್ದು ಇದು. ಪಾಲಿನ ದಿನ ಕರಡಿನಲ್ಲಿ ಈ ಕಲಮು ಇರಲಿಲ್ಲವಂತೆ. ಮಗನ ಪಾಲಿನಲ್ಲೇ ತಾಯಿ ಇರುತ್ತಾಳಲ್ಲ, ಬೇರೆ ಏಕೆ ಎಂದು ಹಿರಿಯರು ಬಿಟ್ಟಿದ್ದರು. ಅಜ್ಜಿ ಮೂರು ದಿನ ಹೆಬ್ಬೆಟ್ಟು ಒತ್ತಲಿಲ್ಲ. ‘ಮಗ ನನ್ನವನೇ. ನಾಳೆ ಬರೋ ಸೊಸೆ ಯಾವಳೋ ನಂಗೆ ಗೊತ್ತಿಲ್ಲ. ಬಾವಿ ಭಾವನೋರ ಕಡೆ ಹೋಗದೆ. ನೀರಿಲ್ಲದ ಮನೆ ಇಟ್ಕೊಂಡು ಏನು ಮಾಡ್ಲಿ?’ ಎಂದಳಂತೆ. ಮೂರನೆಯ ದಿನ ಶಾನುಭೋಗರು ನಕ್ಕು, ಈ ಹೆಂಗಸು ಹೇಳೋದರಲ್ಲಿ ನ್ಯಾಯ ಇದೆ ಎಂದು ಕಲಮು ಸೇರಿಸಿದರಂತೆ. ಆ ಸೊಸೆ ಯಾವಳೋ ಎಂದದ್ದು ನನ್ನ ಅಮ್ಮನನ್ನು! ಆಮೇಲೆ ಅತ್ತೆ ಸೊಸೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು, ಅದು ಬೇರೆ ಮಾತು. ಕಲಮು ಇದ್ದುದರಿಂದ ಅಜ್ಜಿಗೆ ಹೆದರಿಕೆಯಿರಲಿಲ್ಲ. ಹೆದರಿಕೆ ಇಲ್ಲದ ಕಡೆ ಜಗಳವೂ ಕಡಿಮೆ.

ಈಗ ನನ್ನ ರುಜುವಿನ ವಿಷಯ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂದಾಗ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬಂತು. ಆದರೆ ಅಷ್ಟರಲ್ಲಿ ಮದುವೆಯಾದವರಿಗಿಲ್ಲ. ನನ್ನ ಮದುವೆ 1976ರಲ್ಲಿ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಅಡ್ಡಗೋಡೆ ತೆಗೆಯಿತು. ಆಗ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಿಡಿಸಿತು: ಬದುಕಿರಬೇಕಿಲ್ಲ. ನಮ್ಮಪ್ಪ ಹೋದದ್ದು 1987ರಲ್ಲಿ, ಪಾಲು ಆಗಿರಲಿಲ್ಲ. ತಮ್ಮನಿಗೆ ನನ್ನ ರುಜು ಬೇಕಾದದ್ದು ಅದಕ್ಕೇ. ಅತ್ತೆಯ ಮಾತು ಅಷ್ಟು ಸುಲಭವಲ್ಲ ಎಂದರು ವಕೀಲರು. ಅವಳ ಅಪ್ಪ ಹೋದದ್ದು 1956ರ ಕಾಯಿದೆಗೂ ಎಷ್ಟೋ ಮೊದಲು. ಅಜ್ಜಿಗೆ ಬರೆದ ಕೋಣೆಯೂ ಅಜ್ಜಿಯೊಂದಿಗೇ ಮುಗಿಯಿತು. ಅಂದರೆ ಎಪ್ಪತ್ತು ವರ್ಷದ ಹತ್ತಿರ ಆ ಮನೆಯ ದೀಪ ಹಚ್ಚಿದವಳಿಗೆ ಆಶ್ರಯ, ಕಾಗದದ ಲೆಕ್ಕದಲ್ಲಿ, ನನ್ನ ತಮ್ಮನ ಒಳ್ಳೆಯತನ ಮಾತ್ರ.

ತಮ್ಮನಿಗೆ ಹೇಳಿದೆ. ‘ಹೊಲ ನೀನು ಗೇಯ್ದಿದ್ದೀಯ, ಅದಕ್ಕೆ ನನ್ನ ರುಜು ಈಗಲೇ ತಗೋ. ಮನೆಯದು ಬೇಡ. ಮೂಡಲ ಕೋಣೆ, ಹಿತ್ತಲು ಅತ್ತೆಯ ಜೀವಮಾನದವರೆಗೆ ಅಂತ ಬರೆಸಿ, ರಿಜಿಸ್ಟರ್ ಮಾಡಿಸು. ಆಮೇಲೆ ನೋಡೋಣ.’

ಅವನ ಮುಖ ಸಣ್ಣದಾಯಿತು. ‘ಅಂದರೆ ನಾನೇನು ಅತ್ತೇನ ಬೀದಿಗೆ ಹಾಕ್ತೀನಾ ಅಕ್ಕ? ಪೇಟೆಗೆ ಕರ್ಕೊಂಡು ಹೋಗಿ ನಮ್ಮ ಜೊತೇಲೇ ಇಟ್ಕೋತೀನಿ.’

‘ನೀನು ಹಾಕಲ್ಲ ಕಣೋ. ನೀನು ಇರೋವರೆಗೂ ಹಾಕಲ್ಲ. ನಿನ್ನ ಕೈಯಿಂದ ಮನೆ ಕೊಂಡೋನಿಗೆ ಅವಳು ಯಾರು? ಪೇಟೆಗೆ ಬರ್ತೀಯಾ ಅಂತ ಅವಳನ್ನ ಯಾರಾದರೂ ಕೇಳಿದ್ದೀರಾ?’

ಎರಡು ತಿಂಗಳು ಫೋನಿಲ್ಲ. ನನ್ನ ಜೀವಕ್ಕೂ ಸಮಾಧಾನವಿರಲಿಲ್ಲ. ಹೆಣ್ಣು, ಹೊನ್ನು, ಮಣ್ಣು ಎಂದು ಜಗಳದ ಮೂಲ ಎಣಿಸುವ ಹಿರಿಯರ ಮಾತು ನೆನಪಾಗಿ, ಮಣ್ಣಿಗಾಗಿ ಒಡಹುಟ್ಟಿದವನನ್ನು ಕಳೆದುಕೊಂಡೆನೇ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗೌರಿ ಹಬ್ಬದ ಬೆಳಿಗ್ಗೆ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಎಂದಿನಂತೆ ಬಾಗಿನದ ಚೀಲ. ಕಾಫಿ ಕುಡಿದು ಮುಗಿಯುವವರೆಗೆ ಮಾತಿಲ್ಲ. ಆಮೇಲೆ ಅಂದ: ‘ಅತ್ತೇನ ಕೇಳಿದೆ. ಬರಲ್ಲ ಅಂದ್ಲು. ಬರೆಸ್ತೀನಿ.’

ಪತ್ರ ಬರೆಯುವ ದಿನ ನಾನೂ ಹೋಗಿದ್ದೆ. ‘ಅಜ್ಜಿ, ಹೆಸರು ಹೇಳಿ, ಕೋಂ ಯಾರು?’ ಎಂದು ಬರೆಯುವವನು ಕೇಳಿದ. ಅತ್ತೆ ತನ್ನ ಹೆಸರು ಹೇಳಿದಳು, ನಾಲ್ಕೇ ವರ್ಷ ಬಾಳಿದ ಗಂಡನ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದಳು. ಚೆಕ್ಕುಬಂದಿಯನ್ನು ಮಾತ್ರ ಗಟ್ಟಿಯಾಗಿ, ತಾನೇ ಹೇಳಿ ಬರೆಸಿದಳು. ನುಗ್ಗೆ ಮರ ಒಳಕ್ಕೆ ಬಂತು.

ನಿಮ್ಮ ಮನೆಯಲ್ಲೂ ಒಂದು ಟ್ರಂಕು ಇರುತ್ತದೆ. ಒಂದು ಮಧ್ಯಾಹ್ನ ಅದನ್ನು ತೆಗೆದು ನೋಡಿ ಎಂದಷ್ಟೇ ನಾನು ಹೇಳುವುದು. ತಾಯಿಯೋ ಅತ್ತೆಯೋ ಇನ್ನೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಕಾಗದದಲ್ಲಿ ಇಲ್ಲದ್ದು ಅವರ ಬಾಯಲ್ಲಿರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ರುಜು ಹಾಕುವುದು ಬಿಡುವುದು ನಿಮ್ಮ ನಿಮ್ಮ ಮನಸ್ಸು. ಓದದೆ ಮಾತ್ರ ಹಾಕಬೇಡಿ.

ಅಂದು ರಿಜಿಸ್ಟರ್ ಆದ ಪತ್ರವನ್ನು ಅತ್ತೆಯ ಕೈಗೆ ಕೊಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಬಾವಿ ನೀರು ಬರೆದವ್ರಾ?’ ಎಂದಳು. ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು. ಈಗ ಮನೆಗೆ ನಲ್ಲಿಯ ನೀರು.

‘ಬರೆದಿದಾರೆ ಅತ್ತೆ’ ಎಂದೆ. ಬರೆಸಿದ್ದೆವು.